ತುತ್ತಿಗೊಂದು ಸಾಲಿನ ಒಪ್ಪಾರಿ

ಮನೆಗೆ ಹೋಗಿ ಹಿರಿಯರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಬಹಳ ಕಲಿಸುತ್ತಾರೆ. ಮಲಗಿದವರನ್ನು ಮಗ್ಗುಲಿಗೆ ತಿರುಗಿಸುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು, ಗಂಟಲಿಗೆ ಸಿಕ್ಕದಂತೆ ಉಣಿಸುವುದು. ಆದರೆ ಅಜ್ಜಿಯೊಬ್ಬಳು, "ನಾನು ಬದುಕಿರುವಾಗಲೇ ನನ್ನ ಹೆಣದ ಮುಂದೆ ಕೂತ ಹಾಗೆ ಅಳು, ಇಲ್ಲದಿದ್ದರೆ ತುತ್ತು ಮುಟ್ಟುವುದಿಲ್ಲ" ಎಂದು ಹಟ ಹಿಡಿದರೆ ಏನು ಮಾಡಬೇಕೆಂದು ಕಲಿಸುವುದಿಲ್ಲ. ಹೊಸೂರಿನಲ್ಲಿ ನಾನಿದ್ದ ಸಂಸ್ಥೆಯಲ್ಲೂ ಕಲಿಸುತ್ತಿರಲಿಲ್ಲ. ಕಲಿಸಬೇಕಾದವಳು ನಾನೇ ಆಗಿದ್ದೆ.

ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟ ಮೇಲೆ ಈ ಸಂಸ್ಥೆಯಲ್ಲಿ ಮೇಲ್ವಿಚಾರಕಿಯಾದೆ. ಹೊಸೂರು, ರಾಯಕೋಟೆ, ಕೃಷ್ಣಗಿರಿಯ ಮನೆಗಳಿಗೆ ಹೋಗುವ ಹೆಣ್ಣುಮಕ್ಕಳು ಸರಿಯಾಗಿ ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡುವುದು ನನ್ನ ಕೆಲಸ ಎಂದುಕೊಂಡಿದ್ದೆ. ಸರಿಯಾದದ್ದು ಯಾವುದು ಎಂದೇ ತಿಳಿಯದೆ ಒದ್ದಾಡುವವರ ಫೋನ್ ಎತ್ತುವುದು ನನ್ನ ಕೆಲಸ ಎಂದು ಆಮೇಲೆ ಗೊತ್ತಾಯಿತು.

ಈಗ ನಿವೃತ್ತಳಾಗಿ ಕೂತು ಬರೆಯುವಾಗ ಎಲ್ಲವೂ ತಾನಾಗಿ ಸಾಲಾಗಿ ನಿಲ್ಲುತ್ತದೆ. ಅದೇ ಅನುಮಾನಕ್ಕೆ ಕಾರಣ. ಆಗ ಯಾವುದೂ ಸಾಲಾಗಿ ನಿಂತಿರಲಿಲ್ಲ. ಯಾರೂ ಮಾತನ್ನು ಪೂರ್ತಿ ಮುಗಿಸಿದ್ದು ನನಗೆ ಕೇಳಿಲ್ಲ. ನಡುವೆ ಟಿವಿ, ಕುಕ್ಕರಿನ ಸೀಟಿ, ಟೊಮೆಟೊ ಲಾರಿಯ ಹಾರ್ನ್. ಇಲ್ಲಿ ಯಾರಾದರೂ ತಡವರಿಸದೆ ಮಾತಾಡಿದರೆ ಆ ತಡವರಿಕೆಯನ್ನು ತೆಗೆದವಳು ನಾನು ಎಂದು ತಿಳಿಯಿರಿ.

ಮೂಕಂಡಪಲ್ಲಿಯ ಮನೆಯೊಂದನ್ನು ಮೊದಲು ಹೇಳಬೇಕು. ಅಲ್ಲಿನ ಅಜ್ಜ ಕಾರ್ಖಾನೆಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದವರು. ಮರೆವು ಬಂದಿತ್ತು, ಶಿಫ್ಟ್ ಮಾತ್ರ ಮರೆತಿರಲಿಲ್ಲ. ಸಂಜೆ ನಮ್ಮ ಹುಡುಗಿ ಮನೆಗೆ ಹೊರಟರೆ, "ರಿಲೀವರ್ ಬಂದಿಲ್ಲ, ಮಷೀನ್ ಬಿಟ್ಟು ಹೋಗೋ ಹಾಗಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಮಷೀನ್ ಎಂದರೆ ಅವರೇ. ಕೊನೆಗೆ ಅವರ ಸೊಸೆ ದಿನಾ ಸಂಜೆ ಹಿತ್ತಲಿಂದ ಸುತ್ತಿ ಮುಂಬಾಗಿಲಿಗೆ ಬಂದು, "ಸೆಕೆಂಡ್ ಶಿಫ್ಟ್ ಸಾರ್" ಎಂದು ಒಳಗೆ ಬರತೊಡಗಿದಳು. ಹುಡುಗಿ ನನಗೆ ಫೋನ್ ಮಾಡಿ, "ಮೇಡಂ, ಇದು ಸುಳ್ಳಲ್ವಾ?" ಎಂದಳು. "ಸೊಸೆ ಬಂದು ನೋಡಿಕೊಳ್ತಾಳಲ್ಲ?" ಎಂದೆ. "ನೋಡಿಕೊಳ್ತಾಳೆ." "ಹಾಗಾದರೆ ಸೆಕೆಂಡ್ ಶಿಫ್ಟೇ." ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಆ ಕಾಲಕ್ಕೆ ಹಾಜರಿಗೆಂದು ಆ್ಯಪ್ ಬಂತು. ಅದಕ್ಕೆ ಮುಂಚೆ ಮನೆಯವರ ಸಹಿ ಇದ್ದರೆ ಸಾಕಿತ್ತು. ಈಗ ಬೆಳಿಗ್ಗೆ ಸಂಜೆ ಅಜ್ಜನ ಜೊತೆಯೋ ಅಜ್ಜಿಯ ಜೊತೆಯೋ ಸೆಲ್ಫಿ ತೆಗೆದು ಹಾಕಬೇಕು. ಕೆಳಗಿನ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖಗಳಲ್ಲಿ ಒಂದನ್ನು ಒತ್ತಬೇಕು. ಆ ಮುಖ ಗ್ರಾಹಕರದು ಎಂದು ನಮ್ಮ ಮ್ಯಾನೇಜರ್ ಹೇಳಿದ್ದರು. ಹೆಣ್ಣುಮಕ್ಕಳು ತಮ್ಮದೆಂದೇ ಒತ್ತುತ್ತಿದ್ದರು. ಅಳುವ ಮುಖಗಳು ಹೆಚ್ಚಾದದ್ದನ್ನು ಕಂಡು ಮ್ಯಾನೇಜರ್ ಬೆಂಗಳೂರಿನಿಂದ ತರಬೇತಿದಾರರೊಬ್ಬರನ್ನು ಕರೆಸಿದರು. ಅವರು ಎಲ್ಲರಿಗೂ ಒಂದೊಂದು ಬಲೂನು ಕೊಟ್ಟು, ಮನಸ್ಸಿನ ಭಾರವನ್ನು ಅದರ ಮೇಲೆ ಬರೆದು ಒಡೆಯಿರಿ ಎಂದರು. ಯಾರೂ ಒಡೆಯಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು. "ಬರೆಯೋದು ಬೇಡ ಸಾರ್, ಬಣ್ಣ ಕೆಡ್ತದೆ" ಎಂದು ಒಬ್ಬಳು ಹೇಳಿದಳು. ಅವಳು ರತ್ನ. ಇಲ್ಲಿಂದ ಮುಂದೆ ಹೇಳುವುದೆಲ್ಲ ಅವಳ ವಿಷಯ.

ರತ್ನ ಅಂಚೆಟ್ಟಿಯಿಂದ ಆಚೆಗಿನ ಹಳ್ಳಿಯವಳು. ಬಸ್ಸು ಇಳಿದು ಕಾಡಿನ ದಾರಿಯಲ್ಲಿ ಬಹಳ ನಡೆಯಬೇಕಾದ್ದರಿಂದ ಕೆಲಸದ ಮನೆಯಲ್ಲೇ ಉಳಿಯುತ್ತಿದ್ದಳು. ಅವಳಿದ್ದದ್ದು ರಾಯಕೋಟೆಯ ಪಿಳ್ಳಮ್ಮನ ಮನೆಯಲ್ಲಿ. ಪಿಳ್ಳಮ್ಮನಿಗೆ ಸಕ್ಕರೆ ಕಾಯಿಲೆ, ಹೃದಯ ಸೋತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ನಾಲಿಗೆ ಮಾತ್ರ ಗಟ್ಟಿ. ಮಗ ಸೀನಪ್ಪನಿಗೆ ಟೊಮೆಟೊ ಮಂಡಿ. ಸೀನಪ್ಪ, ಅವನ ಹೆಂಡತಿ, ಪಿಳ್ಳಮ್ಮ, ರತ್ನ: ಮನೆಯಲ್ಲಿ ಇಷ್ಟೇ ಜನ.

ಒಂದು ದಿನ ರತ್ನ ಬಟ್ಟೆ ಹಿಂಡುತ್ತ ಏನೋ ಗುನುಗಿದ್ದಾಳೆ. ಪಿಳ್ಳಮ್ಮ ಕಿಟಕಿಯಿಂದ ಕೇಳಿ, "ಏನಮ್ಮಿ ಅದು?" ಎಂದಿದ್ದಾಳೆ. ಸಾವಿನ ಮನೆಯಲ್ಲಿ ಹೆಣದ ತಲೆದೆಸೆ ಕೂತು ರತ್ನನ ತಾಯಿ ಹೇಳುತ್ತಿದ್ದ ಒಪ್ಪಾರಿ ಅದು. ಸತ್ತವರನ್ನು ಹೊಗಳುತ್ತ, ಕರೆಯುತ್ತ ಅಳುವ ಹಾಡು. ನಮ್ಮ ಕಡೆ ಒಪ್ಪಾರಿ ಕನ್ನಡ, ತಮಿಳು, ತೆಲುಗು ಮೂರು ಭಾಷೆಯಲ್ಲೂ ನಡೆಯುತ್ತದೆ. ಅಳುವವಳಿಗೆ ಯಾವುದರಲ್ಲಿ ಮಾತು ಸಿಕ್ಕರೆ ಅದು.

ಮಾರನೆಯ ದಿನದಿಂದ ಪಿಳ್ಳಮ್ಮ ಬಾಯಿ ಬಿಗಿದಳು. ನನ್ನ ಒಪ್ಪಾರಿ ನನಗೆ ಕೇಳಿಸು, ಆಮೇಲೆ ಉಣ್ಣುತ್ತೇನೆ.

ರಾಯಕೋಟೆ ಬಸ್ ನಿಲ್ದಾಣದ ಬೇಕರಿಯಲ್ಲಿ ರತ್ನ ನನ್ನನ್ನು ಕಂಡಳು. ಚಹಾ ತರಿಸಿದೆ, ಅವಳು ಮುಟ್ಟಲಿಲ್ಲ.

"ಅಕ್ಕಾ, ಬದುಕಿರೋರ್ಗೆ ಒಪ್ಪಾರಿ ಹೇಳೋದಂದ್ರೆ ಯಮನ್ಗೆ ಅಡ್ರೆಸ್ ಕೊಟ್ಟಂಗೆ. ಹೇಳಿ ಅವ್ವ ಹೋಗ್ಬುಟ್ರೆ ನಾನೇ ಕೊಂದಂಗೆ. ಹೇಳ್ದಿದ್ರೆ ಉಣ್ಣಲ್ಲ. ಉಣ್ದೆ ಹೋದ್ರೂ ನಾನೇ."

"ಸೀನಪ್ಪ ಏನಂತಾರೆ?"

"ಒಪ್ಪಾರಿ ಗಿಪ್ಪಾರಿ ಈ ಮನೇಲಿ ಎತ್ತಂಗಿಲ್ಲ ಅಂತಾರೆ. ಮಾತ್ರೆನೂ ನುಂಗ್ತಿಲ್ಲ ಅಂತ, ಅರೆದು ಗಂಜಿಗೆ ಕಲಸ್ಬಿಡು, ಹೇಳ್ಬೇಡ ಅಂತಾರೆ. ಬಾಯಿಗೆ ಇಡೋವಾಗ ಅವ್ವ ನನ್ನ ಕಣ್ಣೇ ನೋಡ್ತಾಳಕ್ಕಾ. ನಾನು ಕಣ್ಣ ಎಲ್ಲಿಡ್ಲಿ?"

ಈ ಕೆಲಸದಲ್ಲಿ ಇಷ್ಟು ವರ್ಷ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಕಷ್ಟದ್ದು ನೆನಪಿಲ್ಲ. ಬೇರೆ ಮನೆಗೆ ಹೋಗುತ್ತೀಯಾ ಎಂದೆ.

"ಹೋದ್ರೆ ಇನ್ನೊಬ್ಳು ಬತ್ತಾಳೆ. ಅವ್ಳು ಕಲಸ್ತಾಳೆ" ಎಂದು ಲೋಟ ಎತ್ತಿ ಒಂದೇ ಸಲ ಕುಡಿದಳು.

ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಸಹನೆಯಿಂದಲೇ ಕೇಳಿದರು.

"ಒಪ್ಪಾರಿ ನಮ್ಮ ಸರ್ವೀಸ್‌ನಲ್ಲಿ ಬರುತ್ತಾ ಮೇಡಂ? ಫಿಸಿಯೋಥೆರಪಿ ಇದೆ, ಡಯಟ್ ಇದೆ."

"ಒಪ್ಪಾರಿ ಇಲ್ಲ ಸಾರ್."

"ಹಾಗಾದ್ರೆ ಎಕ್ಸ್‌ಟ್ರಾ. ಮನೆಯವರು ಕೇಳಿದ್ರೆ ಕೊಡಬಹುದು. ಕೇಳಿದ್ದಾರಾ?"

"ಅಜ್ಜಿ ಕೇಳಿದ್ದಾರೆ."

"ಅಜ್ಜಿ ಗ್ರಾಹಕರಲ್ಲ ಮೇಡಂ. ಮಗ ಗ್ರಾಹಕರು. ಅಜ್ಜಿ ಅಂದ್ರೆ…" ಅಜ್ಜಿ ಎಂದರೆ ಏನೆಂದು ಅವರಿಗೆ ಹೊಳೆಯಲಿಲ್ಲ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟರು. ಹೇಳಲಿಲ್ಲ.

ಪಿಳ್ಳಮ್ಮನ ಮನೆಗೆ ಹೋದೆ. ಸೀನಪ್ಪ ಮಂಡಿಯಲ್ಲಿದ್ದ. ಸೊಸೆ ಒಲೆಯ ಮುಂದೆ, ರತ್ನ ಮಂಚದ ಪಕ್ಕ ಇದ್ದಳು. ಪಿಳ್ಳಮ್ಮ ನನ್ನನ್ನು ನೋಡಿ, "ಬಂದ್ಳು ಇನಿಸ್ಪೆಟ್ರಮ್ಮ" ಎಂದಳು. ಯಾಕೆ ಈ ಹಟ ಎಂದು ಕೇಳಿದೆ.

"ನಮ್ಮಕ್ಕ ಸತ್ತಾಗ ಒಬ್ಳು ಬಂದಿದ್ಲು ಒಪ್ಪಾರಿಗೆ. ಏಳು ಆನೆ ಕಟ್ಟಿದ ಮನೆಯವ್ವಾ ಅಂತ ಅತ್ಲು. ಎಲ್ಲಿತ್ತಮ್ಮಾ ಆನೆ? ಒಂದು ಎಮ್ಮೆ ಇತ್ತು, ಅದೂ ಒದೀತಿತ್ತು! ಆಮೇಲೆ ಗಂಡನ ಕಣ್ಮಣಿಯೇ ಅಂದ್ಲು. ಭಾವ ಅವ್ಳ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಊರೆಲ್ಲ ಕೂತು ಕೇಳ್ತಾವ್ರೆ. ನಮ್ಮಕ್ಕ ಬಾಯಿ ಬಿಟ್ಟು ಹಂಗಲ್ಲ ಅನ್ನಂಗಿಲ್ಲ, ಹೆಣ. ನಂದು ಹಂಗಾಗ್ಕೂಡ್ದು. ಬದುಕಿದ್ದಾಗ್ಲೇ ತಿದ್ದಿ ಹೋಯ್ತೀನಿ."

ನ್ಯಾಯವಾದ ಮಾತು. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಹೆಸರು ಸರಿಯಿದೆಯೇ ಎಂದು ಮೂವರು ಕೇಳುತ್ತಾರೆ. ಒಪ್ಪಾರಿಗೆ ಮುಂಚೆ ಯಾರೂ ಕೇಳುವುದಿಲ್ಲ.

ಮುಂದೆ ನಡೆದದ್ದಕ್ಕೆ ಮೂರು ಪಾಠಾಂತರಗಳಿವೆ. ಉಪಾಯ ಹೇಳಿದವಳು ರತ್ನ ಎಂದು ನನ್ನ ನೆನಪು. ರತ್ನನ ಪ್ರಕಾರ ನಾನು. ಪಿಳ್ಳಮ್ಮ ಕೊನೆಯವರೆಗೂ ಬಂದವರಿಗೆಲ್ಲ ತನ್ನದೇ ಎಂದು ಹೇಳಿಕೊಂಡಳು. ಮಾತು ಮಾತ್ರ ಹೀಗಿತ್ತು:

"ಉಣ್ತಾ ಇರೋ ಹೆಣ ಎಲ್ಲಾದ್ರೂ ಉಂಟಾ? ಒಂದು ಸಾಲು ಹಾಡೋದು, ಒಂದು ತುತ್ತು ನುಂಗೋದು. ಯಮ ಬಂದ್ರೂ ಬಾಗ್ಲಲ್ಲಿ ನಿಂತು ಇಣುಕ್ತಾನೆ. ಇಲ್ಯಾರೋ ಉಣ್ತಾವ್ರೆ, ಮನೆ ತಪ್ತು ಅಂತ ಹೊಂಟೋಯ್ತಾನೆ."

 ಲೆಕ್ಕ ರತ್ನನಿಗೆ ಒಪ್ಪಿತು. ನನಗೂ ಒಪ್ಪಿತು ಎಂದು ಹೇಳಲು ನಾಚಿಕೆಯಿಲ್ಲ. ಮಾತ್ರೆಯ ಬಗ್ಗೆಯೂ ಅಲ್ಲೇ ತೀರ್ಮಾನವಾಯಿತು: ಅರೆಯುವುದಿಲ್ಲ, ಬಚ್ಚಿಡುವುದಿಲ್ಲ, ಅಂಗೈಯಲ್ಲಿಟ್ಟು ತೋರಿಸಿ, ಕೊನೆಯ ಸಾಲಿಗೆ ಕೊಡುವುದು.

ರತ್ನ ಮುದ್ದೆಯ ತಟ್ಟೆ ಹಿಡಿದು ಕೂತು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಎತ್ತಿದಳು.

"ಊರಿಗೆಲ್ಲ ನೆರಳಾಗಿ ನಿಂತವ್ವಾ…"

"ನಿಲ್ಸು" ಎಂದಳು ಪಿಳ್ಳಮ್ಮ. "ನಾನ್ಯಾವತ್ತು ಊರ್ಗೆ ನೆರಳು ಕೊಟ್ಟೆ? ನಮ್ಮ ಹುಣಸೆ ಮರದಡಿ ಕೂತೋರ್ನ ಕೋಲು ತಕೊಂಡು ಓಡಿಸ್ತಿದ್ದೆ. ಅದು ಹಾಕು."

"ಹುಣಸೆ ಮರದಡಿ ಕೂತೋರ ಓಡಿಸಿದವ್ವಾ…"

ಪಿಳ್ಳಮ್ಮ ಬಾಯಿ ತೆರೆದಳು. ತುತ್ತು ಒಳಗೆ ಹೋಯಿತು. ರತ್ನ ಅವಳ ಗಂಟಲನ್ನೇ ನೋಡುತ್ತ ಕಾದಳು. ನುಂಗಿದ್ದು ಕಂಡ ಮೇಲೆ ಮುಂದಿನ ಸಾಲು.

"ಹಾಲು ಮೊಸರ ಹೊಳೆಯ ಹರಿಸಿದವ್ವಾ…"

"ಮೊಸರಿಗೆ ನೀರು ಬೆರೆಸಿ ಮಾರ್ತಿದ್ದೆ. ಸರಿಯಾಗಿ ಹೇಳು."

"ಮೊಸರಿಗೆ ನೀರ ಬೆರೆಸಿ ಮಾರಿದವ್ವಾ…"

ಇನ್ನೊಂದು ತುತ್ತು. "ಸೊಸೇನ ಮಗಳಂಗೆ ಸಾಕಿದವ್ವಾ" ಎಂದಾಗ ಪಿಳ್ಳಮ್ಮ ತಿದ್ದುವ ಮೊದಲೇ ಒಳಗಿನಿಂದ ಸೊಸೆಯ ಧ್ವನಿ ಬಂತು: "ಸಕ್ಕರೆ ಡಬ್ಬಿ ಬಚ್ಚಿಡ್ತಿದ್ದವ್ವಾ ಅನ್ನು!" ಪಿಳ್ಳಮ್ಮ ಗೋಡೆಯ ಕಡೆ ನೋಡುತ್ತ, "ಅದೂ ನಿಜವೇ. ಸೇರ್ಸು" ಎಂದಳು. ಅವತ್ತು ತಟ್ಟೆ ಖಾಲಿಯಾಯಿತು.

ಹೀಗೆ ಒಪ್ಪಾರಿ ಬೆಳೆಯುತ್ತ ಹೋಯಿತು, ಪಿಳ್ಳಮ್ಮನ ಮೈಯೂ ಸ್ವಲ್ಪ ತುಂಬಿತು. ಸೀನಪ್ಪನಿಗೆ ಗೊತ್ತಾಗದಂತೆ ಮಧ್ಯಾಹ್ನವೇ ನಡೆಯುತ್ತಿತ್ತು. ರತ್ನನ ಭಯ ಹೋಗಿರಲಿಲ್ಲ. ದಿನಾ ಸಂಜೆ ಫೋನ್ ಮಾಡಿ, "ಅಕ್ಕಾ, ಇವತ್ತೂ ಇದ್ದಾಳೆ" ಎನ್ನುತ್ತಿದ್ದಳು. "ಸರಿ" ಎನ್ನುತ್ತಿದ್ದೆ. ಅವಳ ಮನಸ್ಸಿಗೆ ನಾನು ಕೊಟ್ಟ ಆಸರೆ ಅಷ್ಟೇ. ಬಲೂನಿಗಿಂತ ದೊಡ್ಡದೇನಲ್ಲ. ಆದರೆ ಯಾವ ದಿನವೂ ಫೋನ್ ಎತ್ತದೆ ಇರಲಿಲ್ಲ.

ಒಂದು ಮಧ್ಯಾಹ್ನ ಬೇರೆ ಮನೆಗೆಂದು ರಾಯಕೋಟೆಯಲ್ಲಿ ಬಸ್ಸಿಳಿದೆ. ನಿಲ್ದಾಣದ ಎದುರಿನ ಕಂಬಗಳಿಗೆ ಹೊಸ ಫ್ಲೆಕ್ಸ್ ಒಂದನ್ನು ಕಟ್ಟುತ್ತಿದ್ದರು. ತಮಿಳಿನಲ್ಲಿ ದೊಡ್ಡದಾಗಿ 'ಕಣ್ಣೀರ್ ಅಂಜಲಿ'. ಅದರ ಕೆಳಗೆ ಪಿಳ್ಳಮ್ಮ.

ನಮ್ಮ ಕಡೆ ಯಾರಾದರೂ ಹೋದರೆ ನೆಂಟರಿಗೆ ಸುದ್ದಿ ಮುಟ್ಟುವ ಮೊದಲೇ ಫ್ಲೆಕ್ಸ್ ಏಳುತ್ತದೆ. ಅದು ಎದ್ದ ಮೇಲೆ ಯಾರೂ ಸಂಶಯ ಪಡುವುದಿಲ್ಲ. ನಾನೂ ಪಡಲಿಲ್ಲ. ನನಗೆ ಪಿಳ್ಳಮ್ಮ ನೆನಪಾಗಲಿಲ್ಲ, ರತ್ನ ನೆನಪಾದಳು. ಈಗ ಆ ಹುಡುಗಿ ಜೀವಮಾನವಿಡೀ ತಾನೇ ಕೊಂದೆ ಎಂದುಕೊಂಡು ಬದುಕುತ್ತಾಳೆ. ಓಡಿದೆ. ನನ್ನ ವಯಸ್ಸಿಗೆ ಅದನ್ನು ಓಟ ಎಂದು ಯಾರೂ ಒಪ್ಪಲಿಕ್ಕಿಲ್ಲ.

ಮನೆಯ ಮುಂದೆ ಶಾಮಿಯಾನದ ಕಂಬ ನೆಡುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ಇಳಿಯುತ್ತಿತ್ತು. ಮಂಡಿಯ ಜನರೆಲ್ಲ ಹಾರ ಹಿಡಿದು ನಿಂತಿದ್ದರು. ಜಗಲಿಯ ಮೇಲೆ ಹೆಣ ಇಡುವ ಗಾಜಿನ ಫ್ರೀಜರ್ ಬಾಕ್ಸ್ ತಂದಿಟ್ಟು ಕರೆಂಟ್ ಕೊಟ್ಟಾಗಿತ್ತು. ಅದರ ಪಕ್ಕದಲ್ಲಿ ಕುರ್ಚಿಯ ಮೇಲೆ, ಕೊರಳಲ್ಲಿ ಗುಲಾಬಿ ಹಾರ ಹಾಕಿಕೊಂಡು, ತುಟಿಯಲ್ಲಿ ಇನ್ನೂ ಮುದ್ದೆ ಅಂಟಿದ್ದ ಪಿಳ್ಳಮ್ಮ ಕೂತಿದ್ದಳು.

ಆದದ್ದು ಇಷ್ಟು. ಅವತ್ತು ರತ್ನನಿಗೆ ಹಾಡು ಮೈಮೇಲೆ ಬಂದು ಧ್ವನಿ ಏರಿತ್ತು. ಪಕ್ಕದ ಮನೆಯ ತೆಲುಗಿನಾಕೆ ಕೇಳಿ ಎದೆ ಬಡಿದುಕೊಳ್ಳುತ್ತ ಓಡಿ ಬಂದಿದ್ದಳು. ಒಪ್ಪಾರಿ ಎದ್ದಿದೆ ಎಂದರೆ ಜೀವ ಹೋಗಿದೆ, ಇದರಲ್ಲಿ ಕೇಳುವುದೇನಿದೆ? ಬರುವಾಗಲೇ ಬೀದಿಯಲ್ಲಿದ್ದವರಿಗೆ ಹೇಳಿದ್ದಳು. ಅವರು ಮಂಡಿಗೆ ಹೇಳಿದರು. ಒಳಗೆ ಬಂದರೆ ಪಿಳ್ಳಮ್ಮ ಅಗಿಯುತ್ತಿದ್ದಾಳೆ. ಅಳು ನಡುವೆ ನಿಲ್ಲಿಸಲು ಬಾರದೆ ಆಕೆ ಇನ್ನಷ್ಟು ಹೊತ್ತು ಅತ್ತಳಂತೆ. ಅಷ್ಟರಲ್ಲಿ ಸೀನಪ್ಪ ಹರಾಜು ನಿಲ್ಲಿಸಿ, ಟೊಮೆಟೊ ಕ್ರೇಟಿನ ಮೇಲೆ ಕೂತು ಎಲ್ಲರ ಮುಂದೆ ಅತ್ತಿದ್ದ. ಉಳಿದದ್ದೆಲ್ಲ ತಾನಾಗಿಯೇ ನಡೆದಿತ್ತು. ಸಾವಿನ ಮನೆಗೆ ಬೇಕಾದದ್ದನ್ನು ಯಾರೂ ಹೇಳಿ ತರಿಸುವುದಿಲ್ಲ, ಅವು ಬರುತ್ತವೆ.

ಯಾರೋ ಫೋನಿನಲ್ಲಿ ಫ್ಲೆಕ್ಸ್ ತೋರಿಸಿದ್ದರು. ಯಾವುದೋ ಮದುವೆಯ ಫೋಟೋ ಕತ್ತರಿಸಿ ಹಾಕಿದ್ದರಿಂದ ಪಿಳ್ಳಮ್ಮನ ಭುಜದ ಮೇಲೆ ಒಂದು ಕೈ ಉಳಿದುಬಿಟ್ಟಿತ್ತು.

"ಈ ಕೈ ಯಾರ್ದ್ಲಾ ಸೀನಾ? ಸತ್ ಮೇಲೂ ಯಾರೋ ಹಿಡ್ಕೊಂಡವ್ರಲ್ಲ ನನ್ನ!"

"ಅವ್ವಾ, ಮೊದ್ಲು ಹಾರ ತೆಗಿ."

"ಯಾಕೆ ತೆಗೀಲಿ? ಹೂವು ಚೆನ್ನಾಗವೆ. ಮಂಡೀಲಿ ಅತ್ಬುಟ್ಯಂತೆ? ದಿಟವಾ? ಯಾರ್ಯಾರು ನೋಡುದ್ರು?"

ಸೀನಪ್ಪ ನನ್ನನ್ನು ಕಂಡ. ಸಿಟ್ಟು ಮಾಡಬೇಕೋ ತಾಯಿಯ ಕಾಲು ಹಿಡಿಯಬೇಕೋ ತಿಳಿಯದ ಮುಖ. ಸಿಟ್ಟು ಗೆದ್ದಿತು. "ಮೇಡಂ, ಇವಳನ್ನ ಈಗ್ಲೇ ಕರ್ಕೊಂಡು ಹೋಗಿ. ಬದುಕಿರೋ ತಾಯಿಗೆ ಒಪ್ಪಾರಿ ಎತ್ತುದ್ಳು. ನಾಳೆಯಿಂದ ಈ ಬೀದೀಲಿ ಮುಖ ಎತ್ಕೊಂಡು ನಡೆಯೋದು ಹೆಂಗೆ?"

ರತ್ನ ಮೂಲೆಯಲ್ಲಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು.  ಉಪಾಯ ನನಗೆ ಗೊತ್ತಿತ್ತು, ನಾನೇ ಒಪ್ಪಿದ್ದು ಎಂದೆ. "ಹಂಗಾದ್ರೆ ನೀವೂ ಹೋಗಿ" ಎಂದ.

ಪಿಳ್ಳಮ್ಮ ಯಾರ ಜೊತೆಯೂ ವಾದಿಸಲಿಲ್ಲ. ಕೈ ಚಾಚಿ, "ಮಾತ್ರೆ ಇನ್ನೂ ಬಂದಿಲ್ಲ" ಎಂದಳು. ರತ್ನ ಸೀನಪ್ಪನ ಮುಖ ನೋಡಿದಳು. ಮಾತ್ರೆಯನ್ನು ತಾಯಿ ತಾನಾಗಿ ಕೇಳಿದ್ದನ್ನು ಸೀನಪ್ಪ ಅದೇ ಮೊದಲು ಕಂಡದ್ದು. ಅವನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಹಾರ ಹಿಡಿದವರೆಲ್ಲ ನೋಡುತ್ತಿದ್ದಂತೆ ರತ್ನ, ಕೇಳಿಯೂ ಕೇಳಿಸದ ಧ್ವನಿಯಲ್ಲಿ ಕೊನೆಯ ಸಾಲು ಹಾಡಿದಳು. ಪಿಳ್ಳಮ್ಮ ಮಾತ್ರೆ ನುಂಗಿ ನಾಲಿಗೆ ಚಾಚಿ ಮಗನಿಗೆ ತೋರಿಸಿದಳು.

"ಹಾಡ್ಲಿ" ಎಂದ ಸೀನಪ್ಪ. "ಆದ್ರೆ ಕಿಟಕಿ ಹಾಕ್ಕೊಂಡು."

ಫ್ರೀಜರ್ ಬಾಕ್ಸನ್ನು ಖಾಲಿ ವಾಪಸ್ ಕಳಿಸುವುದು ಅಪಶಕುನ ಎಂದು ಯಾರೋ ಅಂದರು. ಬಂದ ಜನರಿಗೆಂದು ತರಿಸಿದ್ದ ಕಲರ್ ಸೋಡಾ ಬಾಟಲಿಗಳನ್ನು ಅದರೊಳಗೆ ಜೋಡಿಸಿದರು. ಬಹಳ ತಣ್ಣಗಾದವು. ಯಾರೂ ಕುಡಿಯಲಿಲ್ಲ, ಪಿಳ್ಳಮ್ಮನ ಹೊರತು. ಸಕ್ಕರೆ ಕಾಯಿಲೆಯವಳು, ಒಂದೇ ಗುಟುಕು ಎಂದು ನಾನೇ ಒಪ್ಪಬೇಕಾಯಿತು.

ಸಂಜೆ ಮ್ಯಾನೇಜರ್ ಫೋನ್ ಮಾಡಿದರು. ರತ್ನ ತಪ್ಪದೆ ಸೆಲ್ಫಿ ಹಾಕಿದ್ದಳು: ಹಾರ ಹಾಕಿಕೊಂಡ ಪಿಳ್ಳಮ್ಮ, ಹಿಂದೆ ಶಾಮಿಯಾನ, ನಗುವ ಮುಖ. "ಬರ್ತ್‌ಡೇನಾ ಮೇಡಂ? ಚೆನ್ನಾಗಿದೆ. ಇಂಥವು ಇನ್ನೂ ಬರಬೇಕು" ಎಂದರು.

ಆಮೇಲೆ ಕಿಟಕಿ ಹಾಕಿಕೊಂಡು ಹಾಡು ನಡೆಯಿತು. ಆದರೂ ಬೀದಿಗೆ ಕೇಳುತ್ತಿತ್ತು. ಬೀದಿಗೆ ಅಭ್ಯಾಸವಾಯಿತು. ಪಕ್ಕದ ತೆಲುಗಿನಾಕೆ ಒಪ್ಪಾರಿ ಕೇಳಿದ ಮೇಲೆ ತನ್ನ ಮನೆಯಲ್ಲಿ ಅನ್ನಕ್ಕಿಡುತ್ತಿದ್ದಳು. ಫ್ಲೆಕ್ಸನ್ನು ಸೀನಪ್ಪ ಇಳಿಸಿ ಮಂಡಿಗೆ ಒಯ್ದು ಟೊಮೆಟೊ ಕ್ರೇಟುಗಳ ಮೇಲೆ ಹೊದಿಸಿದ. ಸಂಜೆಯ ಫೋನ್ ನಿಲ್ಲಲಿಲ್ಲ. "ಅಕ್ಕಾ, ಇವತ್ತೂ ಇದ್ದಾಳೆ." "ಸರಿ."

ಹೊಸಬರು ನನ್ನನ್ನು ಕೇಳುತ್ತಾರೆ: ರತ್ನ ಮಾಡಿದ್ದು ಸರಿಯೋ? ಈ ಕಥೆಯನ್ನು ಸರಿ ಎನ್ನುವಂತೆ ಹೇಳುವುದು ಸುಲಭ, ಅಜ್ಜಿ ಉಂಡಳಲ್ಲ. ಆದರೆ ರತ್ನ ದಿನಾ ಹೆದರಿಕೊಂಡೇ ಹಾಡುತ್ತಿದ್ದಳು. ಅದನ್ನು ನಾನು ತೆಗೆಯಲಾಗಲಿಲ್ಲ. ತೆಗೆದೆ ಎಂದು ಬರೆದರೆ ಈ ಕೆಲಸಕ್ಕೆ ಬರುವವರಿಗೆ ಬಲೂನು ಕೊಟ್ಟಂತಾಗುತ್ತದೆ.

ಒಂದು ಬೆಳಿಗ್ಗೆ ಫೋನ್ ಬಂತು. ಬೆಳಿಗ್ಗೆ ಬಂದದ್ದೇ ಸಾಕಾಯಿತು. "ಅಕ್ಕಾ, ಬನ್ನಿ" ಎಂದಳು ರತ್ನ.

ನಾನು ಹೋಗುವಷ್ಟರಲ್ಲಿ ಡಾಕ್ಟರ್ ನೋಡಿ ಹೋಗಿದ್ದರು. ಪಿಳ್ಳಮ್ಮ ನಿದ್ದೆಯಲ್ಲೇ ಹೋಗಿದ್ದಳು. ಸೊಸೆ ಮಂಡಿಗೆ ಫೋನ್ ಮಾಡುತ್ತಿದ್ದಳು, ಆ ಕಡೆಯವರು, "ಊಟ ಆಯ್ತಾ ಅಜ್ಜೀದು?" ಎಂದು ನಕ್ಕು ಸೀನಪ್ಪನನ್ನು ಕರೆಯಲು ಒಪ್ಪುತ್ತಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿ ತಾನೇ ಹೊರಟಳು. ಮನೆಯಲ್ಲಿ ನಾನು, ರತ್ನ, ಪಿಳ್ಳಮ್ಮ ಉಳಿದೆವು.

ರತ್ನ ಹೆಣದ ತಲೆದೆಸೆ ಕೂತಿದ್ದಳು. ಒಪ್ಪಾರಿ ಎತ್ತಿರಲಿಲ್ಲ.

"ನಾನ್ ಹಾಡಿದ್ದಕ್ಕಲ್ವಲ್ಲ ಅಕ್ಕಾ?"

"ಅಲ್ಲ."

"ನೆನ್ನೆ ಸಂಜೆ ಅರ್ಧಾನೇ ಉಂಡ್ಲು. ಮೂರು ಸಾಲು ಉಳ್ದೋಯ್ತು. ಯಮ ಇಣುಕಿ ನೋಡಿರ್ತಾನೆ, ಉಣ್ತಿಲ್ಲ ಅಂತ…"

"ಅಲ್ಲ ರತ್ನ. ಹೃದಯ ನಿಂತಿತು. ಹಾಡಿದ್ದಕ್ಕೆ ಇಷ್ಟು ದಿನ ನಡೆಯಿತು."

ಇಲ್ಲಿ ಬರೆದ ಎಲ್ಲ ಮಾತಿನಲ್ಲೂ ನನಗೆ ಅನುಮಾನವಿದೆ. ಈ 'ಅಲ್ಲ' ಎಂಬುದನ್ನು ಎರಡು ಸಲ ಹೇಳಿದೆ ಎಂಬುದರಲ್ಲಿ ಇಲ್ಲ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಎದ್ದು ಹೋಗಿ ಕಿಟಕಿ ತೆರೆದಳು. ವಾಪಸ್ ಬಂದು ಕೂತು, ಎತ್ತಿದಳು. ಈ ಸಲ ತಗ್ಗಿಸಲಿಲ್ಲ. ಬೀದಿಯ ಕೊನೆಯವರೆಗೂ ಕೇಳುವ ಧ್ವನಿ.

ಯಾರೂ ಬರಲಿಲ್ಲ. ಪಕ್ಕದ ಮನೆಯಲ್ಲಿ ಅಕ್ಕಿ ತೊಳೆಯುವ ಸದ್ದು ಕೇಳಿತು. ಸೊಪ್ಪು ಮಾರುವವಳು ಬುಟ್ಟಿ ಹೊತ್ತು ಕಿಟಕಿಯ ಹತ್ತಿರ ನಿಂತು, "ಏನ್ ರತ್ನ, ಇವತ್ತು ಅವ್ವಂಗೆ ಊಟ ಬೇಗ್ನೇ?" ಎಂದು ಕೂಗಿ ಮುಂದೆ ಹೋದಳು.

"ಹುಣಸೆ ಮರದಡಿ ಕೂತೋರ ಓಡಿಸಿದವ್ವಾ…"

ರತ್ನ ನಿಲ್ಲಿಸಿದಳು. ಅಳು ಉಕ್ಕಿ ಬಂದಿತೆಂದುಕೊಂಡೆ. ಅಲ್ಲ. ಅವಳು ಪಿಳ್ಳಮ್ಮನ ಗಂಟಲನ್ನು ನೋಡುತ್ತಿದ್ದಳು. ಒಂದು ತುತ್ತು ನುಂಗುವಷ್ಟು ಹೊತ್ತು ಕಾದು, ಮುಂದಿನ ಸಾಲಿಗೆ ಹೋದಳು.

"ಮೊಸರಿಗೆ ನೀರ ಬೆರೆಸಿ ಮಾರಿದವ್ವಾ…"

ಮತ್ತೆ ಕಾದಳು. ಕೊನೆಯ ಸಾಲಿನವರೆಗೂ ಹಾಗೆಯೇ.